ಬರೆಯಲು ಒಂದು, ಪುಸ್ತಕ ಮಾಡಲು ಇನ್ನೊಂದು: ಕಾದಂಬರಿಗೆ ಯಾವ ಸಾಫ್ಟ್‌ವೇರ್?

ಮೊದಲೇ ಹೇಳಿಬಿಡುತ್ತೇನೆ. ಕಾದಂಬರಿ ಬರೆಯಲು, ತಿದ್ದಲು, ಇ-ಪುಸ್ತಕ ಮಾಡಲು, ಅಚ್ಚಿಗೆ ಕಳಿಸಲು ಎಲ್ಲದಕ್ಕೂ ಒಂದೇ ಸಾಫ್ಟ್‌ವೇರ್ ಬೇಕು ಎಂದು ಹುಡುಕುತ್ತಾ ಕೂತರೆ ಹುಡುಕಾಟವೂ ಮುಗಿಯುವುದಿಲ್ಲ, ಕಾದಂಬರಿಯೂ ಮುಗಿಯುವುದಿಲ್ಲ. ಬರೆಯುವುದು ಒಂದು ಕೆಲಸ. ಬರೆದದ್ದನ್ನು ಪುಸ್ತಕದ ರೂಪಕ್ಕೆ ತರುವುದು ಬೇರೆಯೇ ಕೆಲಸ. ಎರಡನ್ನೂ ಮಾಡುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಒಂದನ್ನು ಚೆನ್ನಾಗಿ ಮಾಡುತ್ತವೆ, ಇನ್ನೊಂದನ್ನು ಹೇಗೋ ಏನೋ ಮುಗಿಸುತ್ತವೆ. ಹಾಗಾಗಿ ಯಾವುದನ್ನು ನೋಡಿದರೂ ನಾನು ಮೊದಲು ಕೇಳುವುದು ಒಂದೇ: ಇದರೊಳಗೆ ಹಾಕಿದ ನನ್ನ ಬರಹವನ್ನು ನಾಳೆ ಹೊರಗೆ ತೆಗೆಯಬೇಕೆಂದರೆ ಎಷ್ಟು ಒದ್ದಾಡಬೇಕು?

ನನ್ನದು ಕಲಬೆರಕೆ ಸಂಸಾರ. ಮೇಜಿನ ಮೇಲೆ ವಿಂಡೋಸ್, ಚೀಲದಲ್ಲಿ ಮ್ಯಾಕ್, ಜೇಬಿನಲ್ಲಿ ಆಂಡ್ರಾಯ್ಡ್. ಬರೆಯುವುದು ಹೆಚ್ಚಾಗಿ ಕನ್ನಡದಲ್ಲಿ. ಮುಂದೆ ಹೇಳುವುದೆಲ್ಲ ಈ ಜಾಗದಲ್ಲಿ ನಿಂತು ನೋಡಿದ್ದು. ಬರೀ ಮ್ಯಾಕ್, ಐಪ್ಯಾಡ್ ಇಟ್ಟುಕೊಂಡವರಿಗೆ ಬದುಕು ಇದಕ್ಕಿಂತ ಸಲೀಸು.

ಸ್ಕ್ರಿವನರ್‌ನಿಂದ ಶುರು ಮಾಡೋಣ, ಯಾಕೆಂದರೆ ಕಾದಂಬರಿ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಅದು. 2007ರಲ್ಲಿ ಮ್ಯಾಕ್‌ಗೆ ಬಂತು, 2011ರಲ್ಲಿ ವಿಂಡೋಸ್‌ಗೆ, 2016ರಲ್ಲಿ ಐಫೋನ್ ಮತ್ತು ಐಪ್ಯಾಡ್‌ಗೆ. ಇದರ ಜೀವಾಳ ಎಡಗಡೆಯ ಬೈಂಡರ್. ಅಧ್ಯಾಯವನ್ನು ದೃಶ್ಯಗಳಾಗಿ ಒಡೆದು ಒಂದೊಂದನ್ನೂ ಬೇರೆ ತುಣುಕಾಗಿ ಇಡಬಹುದು. ಏಳನೇ ಅಧ್ಯಾಯದ ಜಗಳ ಮೂರನೇ ಅಧ್ಯಾಯದಲ್ಲೇ ಬರಬೇಕು ಅನ್ನಿಸಿದರೆ ಹಿಡಿದು ಎಳೆದು ಮೇಲಕ್ಕೆ ಬಿಡುವುದು, ಅಷ್ಟೇ. ಕತ್ತರಿಸಿ ಅಂಟಿಸುವ ಗೋಜಿಲ್ಲ. ತಿದ್ದುವ ಮುಂಚೆ ಒಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಹಳೆಯ ರೂಪ ಹಾಗೇ ಉಳಿಯುತ್ತದೆ, ಬೇಕಾದಾಗ ಹೋಲಿಸಿ ನೋಡಬಹುದು. ದೊಡ್ಡ ಕಾದಂಬರಿ, ನಾಲ್ಕೈದು ಪಾತ್ರಗಳ ಕಣ್ಣಿನಿಂದ ಹೇಳುವ ಕಥೆ, ಕಾಲ ಹಿಂದೆ ಮುಂದೆ ಓಡಾಡುವ ಕಥೆ, ಇಂಥದ್ದಕ್ಕೆ ಇದನ್ನು ಮೀರಿಸುವುದು ನನಗೆ ಇನ್ನೂ ಸಿಕ್ಕಿಲ್ಲ.

ಟ್ರಯಲ್ ಕೊಡುವ ರೀತಿಯೂ ಇಷ್ಟವಾಯಿತು. 30 ದಿನ ಅಂದರೆ ನೀವು ತೆರೆದು ಬಳಸಿದ 30 ದಿನ, ಕ್ಯಾಲೆಂಡರ್ ದಿನವಲ್ಲ. ವಾರಕ್ಕೆ ಎರಡೇ ದಿನ ಬರೆಯುವವರಿಗೆ ತಿಂಗಳುಗಟ್ಟಲೆ ಬರುತ್ತದೆ. ಒಂದು ಸಲ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ಆದರೆ ಮ್ಯಾಕ್‌ಗೆ ಬೇರೆ ಲೈಸೆನ್ಸ್, ವಿಂಡೋಸ್‌ಗೆ ಬೇರೆ, ಐಪ್ಯಾಡ್‌ಗೆ ಇನ್ನೊಂದು.

ತೊಂದರೆ ಇರುವುದು ಎರಡು ಕಡೆ. ಒಂದು, ಆಂಡ್ರಾಯ್ಡ್‌ಗೆ ಇದು ಇಲ್ಲವೇ ಇಲ್ಲ. ಇನ್ನೊಂದು ಸಿಂಕ್, ಅಂದರೆ ಎಲ್ಲ ಯಂತ್ರಗಳಲ್ಲೂ ಒಂದೇ ಪ್ರತಿ ಇರುವಂತೆ ಹೊಂದಿಸುವುದು. ಸ್ಕ್ರಿವನರ್ ಪ್ರಾಜೆಕ್ಟ್ ನೋಡಲು ಒಂದೇ ಫೈಲ್ ಥರ ಕಂಡರೂ ಅದು ನಿಜವಾಗಿ ಒಂದು ಫೋಲ್ಡರ್, ಒಳಗೆ ನೂರಾರು ಚಿಕ್ಕ ಆರ್‌ಟಿಎಫ್ ಫೈಲ್‌ಗಳು. ವಿಂಡೋಸ್‌ನಲ್ಲಿ ತೆರೆದರೆ ಕಣ್ಣಿಗೇ ಕಾಣುತ್ತದೆ. ಕ್ಲೌಡ್ ಸೇವೆ ಈ ನೂರಾರರಲ್ಲಿ ಅರ್ಧ ಮಾತ್ರ ಮೇಲಕ್ಕೆ ಕಳಿಸಿದ್ದಾಗ ನೀವು ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಪ್ರಾಜೆಕ್ಟ್ ತೆರೆದರೆ ಹೊಸದೂ ಹಳೆಯದೂ ಕಲಸಿಹೋಗುತ್ತವೆ. ಐಪ್ಯಾಡ್ ಜೊತೆಗಿನ ಸಿಂಕ್ ಡ್ರಾಪ್‌ಬಾಕ್ಸ್ ಮೂಲಕವೇ ಆಗಬೇಕು. ಒಂದು ಕಡೆ ಮುಚ್ಚಿ, ಸಿಂಕ್ ಪೂರ್ತಿ ಮುಗಿಯುವ ತನಕ ಕಾದು, ಆಮೇಲೆ ಇನ್ನೊಂದು ಕಡೆ ತೆರೆಯಿರಿ. ಈ ಶಿಸ್ತು ಇದ್ದರೆ ಏನೂ ಆಗುವುದಿಲ್ಲ, ಇಲ್ಲದವರು ಸ್ಕ್ರಿವನರನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವುದೇ ವಾಸಿ.

ಆಂಡ್ರಾಯ್ಡ್ ಇರುವವರಿಗೆ ಒಂದು ಒಳದಾರಿ ಇದೆ, ಬಹಳ ಜನ ನೋಡಿರುವುದಿಲ್ಲ. ಹೊರಗಿನ ಫೋಲ್ಡರ್ ಜೊತೆ ಸಿಂಕ್ ಮಾಡುವ ಆಯ್ಕೆ ಫೈಲ್ ಮೆನುವಿನಲ್ಲೇ ಇದೆ. ಅದನ್ನು ಬಳಸಿದರೆ ಒಂದೊಂದು ದೃಶ್ಯವೂ ಸಾದಾ ಪಠ್ಯದ ಫೈಲ್ ಆಗಿ ಒಂದು ಫೋಲ್ಡರಿಗೆ ಹೋಗುತ್ತದೆ. ಫೋನಿನಲ್ಲಿ ಯಾವುದೇ ಟೆಕ್ಸ್ಟ್ ಎಡಿಟರಿನಲ್ಲಿ ಅದನ್ನು ತಿದ್ದಿ, ಮತ್ತೆ ಸಿಂಕ್ ಒತ್ತಿದರೆ ತಿದ್ದಿದ್ದು ಪ್ರಾಜೆಕ್ಟಿನೊಳಗೆ ಬಂದು ಕೂರುತ್ತದೆ. ಸೊಗಸಾದ ವ್ಯವಸ್ಥೆಯೇನಲ್ಲ, ಆದರೆ ಬಸ್ಸಿನಲ್ಲಿ ಕೂತು ಎರಡು ಸಂಭಾಷಣೆ ತಿದ್ದಲು ಸಾಕು.

ಇನ್ನು ಅದರ ಕಂಪೈಲ್. ತುಣುಕುಗಳನ್ನೆಲ್ಲ ಒಟ್ಟುಗೂಡಿಸಿ ಡಾಕ್ಸ್ (ವರ್ಡ್‌ನ ಫೈಲ್), ಪಿಡಿಎಫ್, ಇಪಬ್ (ಇ-ಪುಸ್ತಕದ ಫೈಲ್) ಏನು ಬೇಕಾದರೂ ಮಾಡಿಕೊಡುವ ಜಾಗ ಅದು. ಶಕ್ತಿ ಇದೆ, ಒಪ್ಪುತ್ತೇನೆ. ಆದರೆ ಮೊದಲ ಸಲ ಆ ಕಿಟಕಿ ತೆರೆದವರಿಗೆ ತಲೆ ಗಿರ್ ಅನ್ನುತ್ತದೆ. ನೀವು ಬರೆಯುವಾಗ ಕಂಡ ರೂಪ ಬೇರೆ, ಹೊರಗೆ ಬರುವ ರೂಪ ಬೇರೆ. ಯಾವ ತುಣುಕು ಅಧ್ಯಾಯ, ಯಾವುದು ದೃಶ್ಯ, ಯಾವುದಕ್ಕೆ ಯಾವ ವೇಷ ಎಂದು ಒಂದೊಂದಾಗಿ ಹೇಳಿಕೊಡಬೇಕು. ಇದರ ಮೇಲೆ ವಾರಾಂತ್ಯಗಳನ್ನು ಸುರಿಯುವ ಬದಲು ಸುಮ್ನೆ ಸಾದಾ ಡಾಕ್ಸ್ ಫೈಲ್ ಹೊರಗೆ ತೆಗೆದು, ಅಲಂಕಾರವನ್ನೆಲ್ಲ ಬೇರೆ ಕಡೆ ಮಾಡಿ ಎಂಬುದು ನನ್ನ ಸಲಹೆ.

ಹಾಗಾದರೆ ವರ್ಡ್? ಅದನ್ನು ಬೈಯುವುದು ಫ್ಯಾಷನ್. ಆದರೆ ಸಂಪಾದಕರು, ಪ್ರಕಾಶಕರು, ಕರಡು ತಿದ್ದುವವರು ಎಲ್ಲರೂ ಕೊನೆಗೆ ಕೇಳುವುದು ಡಾಕ್ಸ್ ಫೈಲನ್ನೇ. ತಿದ್ದುಪಡಿಯ ಗುರುತು, ಪಕ್ಕದ ಟಿಪ್ಪಣಿ, ಇವುಗಳಲ್ಲಿ ವರ್ಡ್‌ಗೆ ಸಮ ಇನ್ನೊಂದಿಲ್ಲ. ವರ್ಡ್ ಕೆಟ್ಟದ್ದು ಅನ್ನಿಸುವುದು ಅದನ್ನು ಟೈಪ್‌ರೈಟರ್ ಥರ ಬಳಸಿದಾಗ. ಹೊಸ ಅಧ್ಯಾಯ ಹೊಸ ಪುಟಕ್ಕೆ ಹೋಗಲಿ ಎಂದು ಹದಿನಾಲ್ಕು ಸಲ ಎಂಟರ್ ಒತ್ತುವುದು, ಪ್ಯಾರಾ ಶುರುವಿಗೆ ಐದು ಸ್ಪೇಸ್ ಹೊಡೆಯುವುದು, ಅಧ್ಯಾಯದ ಹೆಸರನ್ನು ಕೈಯಿಂದಲೇ ದಪ್ಪ ಮಾಡಿ ನಡುವಿಗೆ ತರುವುದು. ಪರದೆಯ ಮೇಲೆ ಚೆಂದ ಕಾಣುತ್ತದೆ. ಅದೇ ಫೈಲ್ ಇ-ಪುಸ್ತಕ ಆದಾಗ ನೋಡಿ: ಓದುಗ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡ ಕೂಡಲೇ ಆ ಹದಿನಾಲ್ಕು ಖಾಲಿ ಸಾಲುಗಳು ಎರಡು ಖಾಲಿ ಪುಟಗಳಾಗುತ್ತವೆ, ಇಲ್ಲವೇ ಪೂರ್ತಿ ಮಾಯವಾಗಿ ಅಧ್ಯಾಯದ ಹೆಸರು ಹಿಂದಿನ ಪ್ಯಾರಾದ ಬಾಲಕ್ಕೆ ಅಂಟಿಕೊಳ್ಳುತ್ತದೆ.

ಮಾಡಬೇಕಾದ್ದು ಇಷ್ಟು. ಅಧ್ಯಾಯದ ಹೆಸರಿಗೆ ಹೆಡಿಂಗ್ 1 ಎಂಬ ಸ್ಟೈಲ್ (ಹೆಸರಿಟ್ಟು ಕಟ್ಟಿಟ್ಟ ವೇಷ) ಹಾಕಿ. ಆ ಸ್ಟೈಲಿನ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲೇ ಇದು ಹೊಸ ಪುಟದಿಂದ ಶುರುವಾಗಲಿ ಎಂದು ಒಂದು ಟಿಕ್ ಮಾಡಿ. ಕಥೆಯ ಪ್ಯಾರಾಗಳಿಗೆ ಇನ್ನೊಂದು ಸ್ಟೈಲ್, ಅದರಲ್ಲಿ ಮೊದಲ ಸಾಲು ಒಳಕ್ಕೆ. ಅಧ್ಯಾಯದ ಮೊದಲ ಪ್ಯಾರಾಗೆ ಒಳಸರಿತ ಇಲ್ಲದ ಮೂರನೇ ಸ್ಟೈಲ್. ದೃಶ್ಯಗಳ ನಡುವಿನ ಮೂರು ಚುಕ್ಕೆಗೆ ನಾಲ್ಕನೇದು. ಇಡೀ ಕಾದಂಬರಿಗೆ ಈ ನಾಲ್ಕು ಸಾಕು, ಜಾಸ್ತಿ ಬೇಡ. ಹೀಗೆ ಮಾಡಿದ ಮೇಲೆ ನ್ಯಾವಿಗೇಶನ್ ಪೇನ್ ತೆರೆದರೆ ಅಧ್ಯಾಯಗಳ ಪಟ್ಟಿ ಎಡಗಡೆ ಬರುತ್ತದೆ, ಅಲ್ಲೇ ಹಿಡಿದು ಎಳೆದು ಹಿಂದೆ ಮುಂದೆ ಮಾಡಬಹುದು. ಸ್ಕ್ರಿವನರ್‌ನ ಬೈಂಡರಿನ ಅರ್ಧ ಸುಖ ಇಲ್ಲೇ ಸಿಕ್ಕಿತು ಅಲ್ವಾ?

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಬರುವ ಒಂದು ತಲೆನೋವು ಹೇಳಲೇಬೇಕು. ಸ್ಟೈಲಿನಲ್ಲಿ ಫಾಂಟ್ ಬದಲಾಯಿಸುತ್ತೀರಿ, ಗಾತ್ರ 12 ಮಾಡುತ್ತೀರಿ. ನಡುವೆ ಇರುವ ಇಂಗ್ಲಿಷ್ ಪದ ದೊಡ್ಡದಾಗುತ್ತದೆ, ಕನ್ನಡ ಇದ್ದ ಹಾಗೇ ಇರುತ್ತದೆ. ಮತ್ತೆ ಮತ್ತೆ ಮಾಡಿದರೂ ಅಷ್ಟೇ. ಸಾಫ್ಟ್‌ವೇರ್ ಕೆಟ್ಟಿಲ್ಲ. ವರ್ಡ್, ಲಿಬ್ರೆಆಫೀಸ್ ಎರಡೂ ಭಾರತೀಯ ಲಿಪಿಗಳನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬ ಬೇರೆ ಗುಂಪಿನಲ್ಲಿ ಇಡುತ್ತವೆ, ಅದಕ್ಕೆ ಫಾಂಟೂ ಗಾತ್ರವೂ ಬೇರೆಯೇ. ವರ್ಡ್‌ನಲ್ಲಿ ಫಾಂಟ್ ಕಿಟಕಿಯಲ್ಲೇ ಕೆಳಗೆ ಆ ಹೆಸರಿನ ಇನ್ನೊಂದು ಸಾಲು ಇರುತ್ತದೆ. ಲಿಬ್ರೆಆಫೀಸ್‌ನಲ್ಲಿ ಭಾಷೆಯ ಸೆಟ್ಟಿಂಗಿಗೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಆಯ್ಕೆ ಚಾಲೂ ಮಾಡಿದರೆ ಅದು ಕಾಣಿಸಿಕೊಳ್ಳುತ್ತದೆ. ಬದಲಾಯಿಸಬೇಕಾದ್ದು ಅಲ್ಲಿ. ಇದು ಗೊತ್ತಿಲ್ಲದೆ ಇಡೀ ಹಸ್ತಪ್ರತಿಯನ್ನು ಆಯ್ಕೆ ಮಾಡಿಕೊಂಡು ಗಾತ್ರ ಬದಲಾಯಿಸುತ್ತಾ ಕೂರುವವರನ್ನು ನೋಡಿದ್ದೇನೆ, ಪಾಪ.

ಸಾಲುಗಳ ನಡುವಿನ ಅಂತರವೂ ಹಾಗೆಯೇ. ಇಂಗ್ಲಿಷ್ ಪುಸ್ತಕದ ಟೆಂಪ್ಲೇಟ್ ಎತ್ತಿಕೊಂಡರೆ ಅದರಲ್ಲಿ ಅಂತರವನ್ನು ಇಷ್ಟೇ ಎಂದು ಬಿಗಿಯಾಗಿ ಕಟ್ಟಿರುತ್ತಾರೆ. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅದರ ಬುಡ ಕತ್ತರಿಸಿಹೋಗುತ್ತದೆ. ಆ ಬಿಗಿತ ಬಿಟ್ಟು 1.3, 1.4 ಥರ ಗುಣಕದ ಅಂತರ ಇಡಿ.

ಲಿಬ್ರೆಆಫೀಸ್ ರೈಟರ್ ಬಗ್ಗೆ ಜನ ಉಚಿತ ಅಂತ ಸ್ವಲ್ಪ ಅಸಡ್ಡೆ ಮಾಡುತ್ತಾರೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದದ್ದು, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಥರ ಓಡುತ್ತದೆ. ಪುಸ್ತಕದ ಮಟ್ಟಿಗೆ ಇದರ ಒಂದು ಗುಣ ವರ್ಡ್‌ಗಿಂತ ಮೇಲು: ಪುಟಕ್ಕೂ ಸ್ಟೈಲ್ ಇದೆ. ಅಧ್ಯಾಯದ ಮೊದಲ ಪುಟದಲ್ಲಿ ಮೇಲ್ಗಡೆ ಹೆಸರು ಬೇಡ, ಎಡಪುಟದಲ್ಲಿ ಲೇಖಕರ ಹೆಸರು, ಬಲಪುಟದಲ್ಲಿ ಪುಸ್ತಕದ ಹೆಸರು, ಇದನ್ನೆಲ್ಲ ಒಂದು ಸಲ ಹೇಳಿಟ್ಟರೆ ಮುಗಿಯಿತು. ವರ್ಡ್‌ನಲ್ಲಿ ಇದಕ್ಕೆ ಸೆಕ್ಷನ್ ಬ್ರೇಕ್‌ಗಳ ಜೊತೆ ಗುದ್ದಾಡಬೇಕು, ಒಂದು ಅಳಿಸಿದರೆ ಹಿಂದಿನ ಅಧ್ಯಾಯದ ಪುಟಸಂಖ್ಯೆ ಕೆಡುತ್ತದೆ. ಇಪಬ್ ನೇರವಾಗಿ ಹೊರತೆಗೆಯುವ ಸೌಲಭ್ಯ 2018ರಲ್ಲಿ ಬಂದ 6.0 ಆವೃತ್ತಿಯಿಂದಲೂ ಇದೆ. ನೋಡಲು ಹಳೇಕಾಲದ್ದು, ಒಪ್ಪಿಕೊಂಡೆ. ಡಾಕ್ಸ್ ಫೈಲ್ ಇದಕ್ಕೂ ವರ್ಡ್‌ಗೂ ಮಧ್ಯೆ ಓಡಾಡುವಾಗ ಮಾತು ಕಳೆದುಹೋಗುವುದಿಲ್ಲ, ಪುಟವಿನ್ಯಾಸ ಮಾತ್ರ ಅಲ್ಪಸ್ವಲ್ಪ ಜರುಗುತ್ತದೆ. ಹಾಗಾಗಿ ಸಂಪಾದಕರ ಜೊತೆ ಕೊಡುಕೊಳ್ಳುವಿಕೆ ಪೂರ್ತಿ ಮುಗಿದ ಮೇಲೆ ಅಚ್ಚಿನ ಪಿಡಿಎಫ್ ಕೆಲಸಕ್ಕೆ ಇದನ್ನು ಹಿಡಿಯಿರಿ.

ಗೂಗಲ್ ಡಾಕ್ಸ್ ಅಂದರೆ ಎಲ್ಲ ಕಡೆ ಇರುವ ಸುಖ. ಫೋನಿನಲ್ಲಿ ಅರ್ಧ ವಾಕ್ಯ ಬರೆದು, ಕಂಪ್ಯೂಟರಿನಲ್ಲಿ ಉಳಿದರ್ಧ ಮುಗಿಸಬಹುದು. ಹಳೆಯ ಆವೃತ್ತಿಗಳು ತಾನಾಗಿಯೇ ಉಳಿಯುತ್ತವೆ. 2024ರಿಂದ ಒಂದೇ ಡಾಕ್ಯುಮೆಂಟಿನೊಳಗೆ ಟ್ಯಾಬ್‌ಗಳೂ ಬಂದಿವೆ, ಅಧ್ಯಾಯಕ್ಕೊಂದು ಟ್ಯಾಬ್ ಇಡಬಹುದು. ಮೊದಲ ಕರಡಿಗೆ, ಅದರಲ್ಲೂ ಜೊತೆಗೂಡಿ ಬರೆಯುವವರಿಗೆ, ಕಣ್ಣುಮುಚ್ಚಿ ಹೇಳಬಹುದಾದ ಹೆಸರು.

ಆದರೆ ಇದಕ್ಕೆ ಒಂದು ಮಿತಿ ಇದೆ: ಒಂದು ಡಾಕ್ಯುಮೆಂಟಿಗೆ 10 ಲಕ್ಷದ 20 ಸಾವಿರ ಅಕ್ಷರ. ಇಂಗ್ಲಿಷ್ ಕಾದಂಬರಿಕಾರರು ಇದರ ಹತ್ತಿರಕ್ಕೆ ಬರುವುದೇ ಅಪರೂಪ. ನಮ್ಮ ಕಥೆ ಬೇರೆ. ನಾವು ಒಂದು ಅಕ್ಷರ ಎಂದು ಓದುವುದನ್ನು ಕಂಪ್ಯೂಟರ್ ಹಾಗೆ ಎಣಿಸುವುದಿಲ್ಲ. ಸ್ತ್ರೀ ಎಂದು ಬರೆದರೆ ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘದ ಗುರುತು, ಒಟ್ಟು ಆರು. ಅದರ ಮೇಲೆ ವಿಭಕ್ತಿ, ಕ್ರಿಯಾಪದ ಎಲ್ಲ ಸೇರಿ ಉದ್ದವಾಗುವ ನಮ್ಮ ಪದಗಳು. ಲಕ್ಷ ಪದದ ಕನ್ನಡ ಕಾದಂಬರಿ ಈ ಗೋಡೆಯ ಹತ್ತಿರಕ್ಕೇ ಹೋಗುತ್ತದೆ. ಮಿತಿಗಿಂತ ಎಷ್ಟೋ ಮೊದಲೇ ಉದ್ದದ ಡಾಕ್ಯುಮೆಂಟ್ ಫೋನಿನಲ್ಲಿ ಆಮೆ ಆಗುತ್ತದೆ. ಭಾಗಕ್ಕೊಂದು ಡಾಕ್ಯುಮೆಂಟ್ ಮಾಡಿಕೊಳ್ಳಿ. ಹೆಡಿಂಗ್ ಸ್ಟೈಲ್ ಇಲ್ಲೂ ಇದೆ, ಇಲ್ಲೂ ಅದನ್ನೇ ಬಳಸಿ.

ಈಗ ನನಗೆ ಪ್ರೀತಿ ಇರುವ ಗುಂಪು, ಸಾದಾ ಪಠ್ಯದ್ದು. ಅಬ್ಸಿಡಿಯನ್ ಎಂಬುದು ಟಿಪ್ಪಣಿಗೆಂದು ಹುಟ್ಟಿದ್ದು, ಕಾದಂಬರಿಗೂ ಒದಗುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್, ಆಂಡ್ರಾಯ್ಡ್, ಐಫೋನ್, ಎಲ್ಲದರಲ್ಲೂ ಇದೆ. ಬರೆದದ್ದೆಲ್ಲ ಮಾರ್ಕ್‌ಡೌನ್ ಎಂಬ ಸಾದಾ ಫೈಲ್‌ಗಳಾಗಿ ನಿಮ್ಮ ಫೋಲ್ಡರಿನಲ್ಲೇ ಇರುತ್ತದೆ. ಅಧ್ಯಾಯದ ಹೆಸರಿನ ಮುಂದೆ ಒಂದು ಹ್ಯಾಶ್ ಗುರುತು, ಓರೆ ಅಕ್ಷರಕ್ಕೆ ಎರಡೂ ಕಡೆ ಒಂದೊಂದು ನಕ್ಷತ್ರ, ಕಲಿಯಲು ಹತ್ತು ನಿಮಿಷ ಬೇಡ. ನಾಳೆ ಅಬ್ಸಿಡಿಯನ್ ಇಲ್ಲದೇ ಹೋದರೂ ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಪಾತ್ರಕ್ಕೊಂದು ಪುಟ ಮಾಡಿ, ಆ ಹೆಸರನ್ನು ಎರಡು ಚೌಕ ಆವರಣದೊಳಗೆ ಬರೆದರೆ ಕೊಂಡಿ ಆಗುತ್ತದೆ, ಈ ಪಾತ್ರ ಎಲ್ಲೆಲ್ಲಿ ಬಂದಿದ್ದಾಳೆ ಎಂದು ಒಂದೇ ನೋಟಕ್ಕೆ ಸಿಗುತ್ತದೆ. ಕಾದಂಬರಿಗೆಂದೇ ಲಾಂಗ್‌ಫಾರ್ಮ್ ಎಂಬ ಪ್ಲಗಿನ್ (ಜೊತೆಗೆ ಸೇರಿಸಿಕೊಳ್ಳುವ ಚಿಕ್ಕ ಸಾಧನ) ಇದೆ, ದೃಶ್ಯಗಳನ್ನು ಜೋಡಿಸಿ ಒಂದೇ ಹಸ್ತಪ್ರತಿ ಮಾಡಿಕೊಡುತ್ತದೆ. ಇದರ ಅಪಾಯ ಏನೆಂದರೆ ಪ್ಲಗಿನ್ ಜೋಡಿಸುವುದೇ ಒಂದು ಹುಚ್ಚಾಗುತ್ತದೆ. ಬರೆಯುವುದು ಬಿಟ್ಟು ಅದನ್ನೇ ಸಿಂಗರಿಸುತ್ತಾ ಇರುವವರು ಬೇಕಾದಷ್ಟು.

ಇದೇ ಜಾತಿಯ ಇನ್ನೊಂದು ನಾವೆಲ್‌ರೈಟರ್. ಉಚಿತ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್‌ಗೆ. ಎಡಗಡೆ ಅಧ್ಯಾಯ, ದೃಶ್ಯಗಳ ಮರ, ಬಲಗಡೆ ಪಠ್ಯ, ಅಷ್ಟೇ. ಫೋನಿಗೆ ಇಲ್ಲ. ಲಿನಕ್ಸ್ ಬಳಸುವವರು ಸ್ಕ್ರಿವನರ್ ಇಲ್ಲವಲ್ಲ ಎಂದು ಕೊರಗುವ ಮೊದಲು ಇದನ್ನು ನೋಡಿ.

ಸಾದಾ ಪಠ್ಯದಿಂದ ಪುಸ್ತಕಕ್ಕೆ ಸೇತುವೆ ಪ್ಯಾನ್‌ಡಾಕ್. ಇದು ಕಮಾಂಡ್ ಬರೆದು ಓಡಿಸುವ ಉಚಿತ ಸಾಧನ, 2006ರಿಂದ ಇದೆ. ಮಾರ್ಕ್‌ಡೌನ್ ಕೊಟ್ಟರೆ ಡಾಕ್ಸ್, ಇಪಬ್ ಎರಡೂ ಶುಚಿಯಾಗಿ ಕೊಡುತ್ತದೆ, ಲೇಟೆಕ್ ಎಂಬ ಪುಟ ಜೋಡಿಸುವ ಸಾಧನ ಜೊತೆಗಿದ್ದರೆ ಪಿಡಿಎಫ್ ಕೂಡ. ಮೊದಲೇ ಸ್ಟೈಲ್ ಹೊಂದಿಸಿಟ್ಟ ಒಂದು ಮಾದರಿ ಡಾಕ್ಸ್ ಕೊಟ್ಟರೆ ಅದೇ ವೇಷದಲ್ಲಿ ಹೊಸ ಫೈಲ್ ಹೊರಗೆ ಬರುತ್ತದೆ. ಕಪ್ಪು ಕಿಟಕಿ ನೋಡಿದರೆ ಭಯ ಬೀಳುವವರಿಗೆ ಇದು ಬೇಡ, ಬಲವಂತವಿಲ್ಲ.

ಮ್ಯಾಕ್‌ನವರಿಗೆ ಮಾತ್ರ ಇರುವ ಎರಡು ಹೆಸರು ಬೇಗ ಹೇಳಿ ಮುಗಿಸುತ್ತೇನೆ. ಯುಲಿಸಿಸ್ ಬರೆಯಲು ಬಹಳ ಹಗುರ, ಕಣ್ಣಿಗೆ ಹಿತ, ಆದರೆ 2017ರಿಂದ ಅದು ಚಂದಾ ಮಾದರಿ. ವೆಲ್ಲಮ್ ಬರೆಯಲು ಅಲ್ಲ, ಪುಸ್ತಕ ಮಾಡಲು. ಡಾಕ್ಸ್ ಒಳಗೆ ಹಾಕಿದರೆ ಅಧ್ಯಾಯಗಳನ್ನು ತಾನೇ ಗುರುತಿಸಿ, ಒಂದು ವಿನ್ಯಾಸ ಆರಿಸಿದ ಕೂಡಲೇ ಇಪಬ್, ಅಚ್ಚಿನ ಪಿಡಿಎಫ್ ಎರಡೂ ತಯಾರು. ಇಂಗ್ಲಿಷ್ ಕಾದಂಬರಿಗೆ ಇದರಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಅಚ್ಚುಕಟ್ಟಾದ ಪುಸ್ತಕ ಬೇರೆಲ್ಲೂ ಬರುವುದಿಲ್ಲ. ಉಚಿತವಾಗಿ ಪೂರ್ತಿ ಬಳಸಿ ನೋಡಬಹುದು, ಫೈಲ್ ಹೊರತೆಗೆಯುವಾಗ ಮಾತ್ರ ಹಣ ಕೊಡಬೇಕು. ಕೊಳ್ಳುವ ಮೊದಲು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ.

ವಿಂಡೋಸ್‌ನವರು ಅದಕ್ಕೆ ಬದಲಿಯಾಗಿ ನೋಡುವುದು ಆಟಿಕಸ್. ಬ್ರೌಸರಿನಲ್ಲಿ ಓಡುವುದರಿಂದ ಯಾವ ಕಂಪ್ಯೂಟರ್ ಆದರೂ ಆಯಿತು, ಕ್ರೋಮ್‌ಬುಕ್ ಕೂಡ. ಒಂದೇ ಸಲ ಹಣ ಕೊಡುವ ಪದ್ಧತಿ. ಬರೆಯುವುದು, ಪುಸ್ತಕ ಮಾಡುವುದು ಎರಡೂ ಒಂದೇ ಕಡೆ ಎನ್ನುವುದು ಅದರ ಮಾತು. ಪುಸ್ತಕ ಮಾಡುವ ಭಾಗವನ್ನೇ ನಾನು ಹೆಚ್ಚು ನಂಬುತ್ತೇನೆ. ಏನೂ ಖರ್ಚು ಬೇಡ ಎನ್ನುವವರಿಗೆ ರೀಡ್ಸಿ ಸ್ಟುಡಿಯೋ ಇದೆ, ಅದೂ ಬ್ರೌಸರಿನಲ್ಲೇ, ಇಪಬ್ ಮತ್ತು ಪಿಡಿಎಫ್ ಕೊಡುತ್ತದೆ, ವಿನ್ಯಾಸದ ಆಯ್ಕೆ ಮಾತ್ರ ಕೆಲವೇ. ಇ-ಪುಸ್ತಕ ಹಂಚುವ ತಾಣ ಡ್ರಾಫ್ಟ್2ಡಿಜಿಟಲ್‌ನಲ್ಲೂ ಡಾಕ್ಸ್ ಹಾಕಿ ಇಪಬ್ ಮಾಡಿಕೊಂಡು ಬರಬಹುದು, ಅಲ್ಲೇ ಪ್ರಕಟಿಸಬೇಕೆಂಬ ಕಟ್ಟುಪಾಡಿಲ್ಲ.

ಬ್ರೌಸರಿನಲ್ಲಿ ಓಡುವವುಗಳ ಬಗ್ಗೆ ಒಂದು ಮಾತು. ಹೆಸರು ಹೇಳುವುದಿಲ್ಲ, ಒಂದು ಸಣ್ಣ ಆನ್‌ಲೈನ್ ಎಡಿಟರಿನಲ್ಲಿ ನಾನು ಹಿಂದೆ ಬರೆಯುತ್ತಿದ್ದೆ. ಒಳಗೆ ಎಲ್ಲ ಚೆನ್ನಾಗಿತ್ತು. ಹೊರಗೆ ತೆಗೆಯಲು ಹೋದಾಗ ಒಂದು ಸಲಕ್ಕೆ ಒಂದೇ ಅಧ್ಯಾಯ, ಅದರಲ್ಲೂ ಓರೆ ಅಕ್ಷರವೆಲ್ಲ ಸಾದಾ ಆಗಿ ಬಂತು. ಪಾತ್ರದ ಮನಸ್ಸಿನ ಮಾತನ್ನೆಲ್ಲ ಓರೆಯಲ್ಲಿ ಬರೆದಿದ್ದ ಕಾದಂಬರಿ ಅದು. ಅಂದಿನಿಂದ ಹೊಸ ಸಾಫ್ಟ್‌ವೇರ್ ಯಾವುದೇ ಇರಲಿ, ಮೊದಲ ದಿನವೇ ಒಂದು ಅಧ್ಯಾಯ ಒಳಗೆ ಹಾಕಿ, ಡಾಕ್ಸ್ ಆಗಿ ಹೊರಗೆ ತೆಗೆದು, ಓರೆ ಅಕ್ಷರ, ಅಡಿಟಿಪ್ಪಣಿ, ದೃಶ್ಯದ ನಡುವಿನ ಗುರುತು ಉಳಿದಿದೆಯೇ ನೋಡುತ್ತೇನೆ. ಉಳಿದಿಲ್ಲವಾದರೆ ಅಲ್ಲಿಗೇ ನಮಸ್ಕಾರ.

ಇಪಬ್ ಎಂದು ಇಷ್ಟು ಸಲ ಹೇಳಿದೆ, ಅದು ಏನು ಎಂದೂ ಹೇಳಿಬಿಡೋಣ. ಅದೊಂದು ಜಿಪ್ ಫೈಲ್. ಹೆಸರಿನ ಕೊನೆಯ ಭಾಗವನ್ನು ಜಿಪ್ ಎಂದು ಬದಲಾಯಿಸಿ ಬಿಚ್ಚಿದರೆ ಒಳಗೆ ಅಧ್ಯಾಯಗಳು ವೆಬ್ ಪುಟಗಳಾಗಿ, ಅವುಗಳ ವೇಷ ಸಿಎಸ್‌ಎಸ್ ಫೈಲ್ ಆಗಿ ಕಾಣುತ್ತದೆ. ಹಾಗಾಗಿಯೇ ಓದುಗ ಅಕ್ಷರದ ಗಾತ್ರ ಬದಲಾಯಿಸಿದಾಗ ಪುಟ ಮತ್ತೆ ಹರಿದು ಹೊಂದಿಕೊಳ್ಳುತ್ತದೆ, ಪುಟಸಂಖ್ಯೆ ಎಂಬುದಕ್ಕೆ ಅಲ್ಲಿ ಅಚ್ಚಿನ ಅರ್ಥ ಇಲ್ಲ. ಕಿಂಡಲ್‌ಗೆ ಮೋಬಿ ಫೈಲ್ ಬೇಕು ಎಂದು ಈಗಲೂ ಹೇಳುವವರಿದ್ದಾರೆ. ಅದು ಹಳೇ ಮಾತು. 2021ರ ಆಗಸ್ಟಿನಿಂದ ಸಾಮಾನ್ಯ ಕಾದಂಬರಿಯಂಥ ಪುಸ್ತಕಕ್ಕೆ ಅಲ್ಲೂ ಮೋಬಿ ತೆಗೆದುಕೊಳ್ಳುವುದಿಲ್ಲ, ಇಪಬ್ ಕೊಟ್ಟರೆ ಸಾಕು. ಒಂದು ಒಳ್ಳೆಯ ಇಪಬ್ ಇದ್ದರೆ ಹೆಚ್ಚಿನ ಇ-ಪುಸ್ತಕದ ಅಂಗಡಿಗಳಿಗೆ ನಡೆಯುತ್ತದೆ.

ಒಳಗೆ ಕೈ ಹಾಕಿ ರಿಪೇರಿ ಮಾಡಲು ಸಿಜಿಲ್, ಕ್ಯಾಲಿಬರ್ ಎರಡೂ ಉಚಿತ, ಮೂರೂ ಬಗೆಯ ಕಂಪ್ಯೂಟರಿಗೆ ಇವೆ. ಕ್ಯಾಲಿಬರ್‌ನಲ್ಲಿ ಒಂದು ಮಾದರಿಯಿಂದ ಇನ್ನೊಂದಕ್ಕೆ ಬದಲಾಯಿಸುವುದು ಸುಲಭ, ಆದರೆ ಪಿಡಿಎಫ್ ಹಾಕಿ ಇಪಬ್ ಕೇಳಬೇಡಿ. ಸಾಲು ಸಾಲಾಗಿ ಮುರಿದ ಪಠ್ಯ ಬರುತ್ತದೆ, ಕನ್ನಡವಾದರೆ ಅಕ್ಷರಗಳೇ ಅಸ್ತವ್ಯಸ್ತ. ಯಾವಾಗಲೂ ಡಾಕ್ಸ್‌ನಿಂದ ಇಪಬ್, ಡಾಕ್ಸ್‌ನಿಂದ ಪಿಡಿಎಫ್. ಕಳಿಸುವ ಮೊದಲು ಇಪಬ್‌ನ ತಪ್ಪು ಹುಡುಕುವ ಇಪಬ್‌ಚೆಕ್ ಓಡಿಸಿ. ಕಿಂಡಲ್ ಪ್ರಿವ್ಯೂವರ್‌ನಲ್ಲಿ ಫೋನ್, ಟ್ಯಾಬ್ಲೆಟ್, ರೀಡರ್ ಮೂರರ ರೂಪವನ್ನೂ ನೋಡಿ.

ಅಚ್ಚಿನ ಪಿಡಿಎಫ್ ಬೇರೆಯೇ ಲೋಕ. ಅಲ್ಲಿ ಪುಟದ ಅಳತೆ ಮೊದಲು ಗೊತ್ತಾಗಬೇಕು, 5 ಇಂಚು 8 ಇಂಚೋ, 6 ಇಂಚು 9 ಇಂಚೋ, ಅಥವಾ ಎ5 ಅಂದರೆ 148 ಮಿ.ಮೀ. 210 ಮಿ.ಮೀ. ಬೈಂಡಿಂಗ್ ಕಡೆ ಅಂಚು ಜಾಸ್ತಿ ಬಿಡಬೇಕು, ಎಡಪುಟ ಬಲಪುಟ ಕನ್ನಡಿಯಂತೆ ತಿರುಗಬೇಕು, ಫಾಂಟ್ ಪಿಡಿಎಫ್‌ನೊಳಗೇ ಸೇರಿರಬೇಕು. ಇನ್‌ಡಿಸೈನ್ ಈ ಕೆಲಸದ ಯಜಮಾನ, ಆದರೆ ಕನ್ನಡ ಹಾಕುವ ಮುಂಚೆ ವರ್ಲ್ಡ್-ರೆಡಿ ಕಂಪೋಸರ್ ಎಂಬುದನ್ನು ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಸ್ಕ್ರೈಬಸ್ ಉಚಿತ, 2024ರಲ್ಲಿ ಬಂದ 1.6 ಆವೃತ್ತಿಯಿಂದ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಉದ್ದದ ಕಾದಂಬರಿ ಹಾಕಿದರೆ ಏದುಸಿರು ಬಿಡುತ್ತದೆ. ಕಲಿಯುವ ತಾಳ್ಮೆ ಇದ್ದರೆ ಲೇಟೆಕ್‌ನ ಇನ್ನೊಂದು ರೂಪವಾದ ಝೀಲೇಟೆಕ್ ಅತ್ಯುತ್ತಮ. ಕನ್ನಡ ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಒಡೆಯಬೇಕು ಎಂಬ ನಿಯಮಗಳು ಅದರಲ್ಲಿವೆ. ಎರಡೂ ಅಂಚು ಸಮ ಮಾಡಿದಾಗ ಪದಗಳ ನಡುವೆ ಬೀಳುವ ದೊಡ್ಡ ಕಂದಕಗಳು ಇಲ್ಲಿ ಕಡಿಮೆ.

ಯಾವ ದಾರಿ ಹಿಡಿದರೂ ಲಿಪಿಯ ಪರೀಕ್ಷೆ ಒಂದು ಮಾಡಿ. ಸ್ವಾತಂತ್ರ್ಯ, ವರ್ಷ, ರ‍್ಯಾಂಕ್, ಸಾಫ್ಟ್‌ವೇರ್ ಎಂಬ ನಾಲ್ಕು ಪದ ಬರೆದು ಪಿಡಿಎಫ್ ಮತ್ತು ಇಪಬ್ ಮಾಡಿ ನೋಡಿ. ಕೊನೆಯ ಎರಡರಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಪಠ್ಯವನ್ನು ಶುಚಿ ಮಾಡುತ್ತೇವೆ ಎಂದು ಅದನ್ನು ಎತ್ತಿಬಿಡುತ್ತವೆ, ಆಗ ರಕಾರ ಅರ್ಕಾವತ್ತಾಗಿ ಪಕ್ಕಕ್ಕೆ ಹಾರುತ್ತದೆ, ಫ್ಟ್ ಕೆಳಗೆ ವಕಾರ ನೇತಾಡುತ್ತದೆ. ಫಾಂಟ್ ವಿಷಯದಲ್ಲಿ ನೋಟೋ ಸೆರಿಫ್ ಕನ್ನಡ, ಟೈರೋ ಕನ್ನಡದಂಥ ಮುಕ್ತ ಫಾಂಟ್ ಆರಿಸಿಕೊಂಡು ಎಲ್ಲ ಯಂತ್ರದಲ್ಲೂ ಹಾಕಿಟ್ಟುಕೊಳ್ಳಿ. ತುಂಗಾ ವಿಂಡೋಸ್‌ನ ಜೊತೆ ಬಂದದ್ದು, ಅದರಲ್ಲಿ ಮಾಡಿದ ಫೈಲನ್ನು ಮ್ಯಾಕ್‌ನಲ್ಲಿ ತೆರೆದರೆ ಬೇರೆ ಫಾಂಟ್ ಬಂದು ಪುಟಗಳ ಲೆಕ್ಕವೇ ಬದಲಾಗುತ್ತದೆ. ಮುದ್ರಕರು ಇನ್ನೂ ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆಯ ಎನ್‌ಕೋಡಿಂಗಿನಲ್ಲೇ ಕೇಳಿದರೆ ಕೊನೆಯ ಹಂತದಲ್ಲಿ ಬದಲಾಯಿಸಿ ಕೊಡಿ, ಮೂಲ ಪ್ರತಿ ಮಾತ್ರ ಯೂನಿಕೋಡಿನಲ್ಲೇ ಇರಲಿ. ಬದಲಾಯಿಸಿದ ಪ್ರತಿಯನ್ನು ಮತ್ತೆ ಮೊದಲಿಂದ ಓದಬೇಕು, ಬೇರೆ ದಾರಿಯಿಲ್ಲ.

ಸಿಂಕ್ ಇದೆಯಲ್ಲ, ಬ್ಯಾಕಪ್ ಯಾಕೆ ಎನ್ನುವವರಿಗೆ: ಇಲ್ಲಿ ಅಳಿಸಿದರೆ ಸಿಂಕ್ ಅಲ್ಲೂ ಅಳಿಸುತ್ತದೆ. ಅದರ ಕೆಲಸವೇ ಅದು. ವಾರಕ್ಕೊಮ್ಮೆ ದಿನಾಂಕ ಹಾಕಿದ ಒಂದು ಪ್ರತಿ ಸಿಂಕ್ ಆಗದ ಪೆನ್‌ಡ್ರೈವಿಗೆ ಹೋಗಲಿ.

ಸದ್ಯ ನನ್ನ ದಾರಿ ಹೀಗಿದೆ. ಫೋನಿನಲ್ಲಿ ಹೊಳೆದದ್ದೆಲ್ಲ ಅಬ್ಸಿಡಿಯನ್‌ಗೆ, ಉದ್ದದ ಕರಡು ಸ್ಕ್ರಿವನರ್‌ನಲ್ಲಿ, ಸಂಪಾದಕರಿಗೆ ಡಾಕ್ಸ್, ಅಚ್ಚಿನ ಪಿಡಿಎಫ್ ಲಿಬ್ರೆಆಫೀಸ್‌ನಲ್ಲಿ, ಇಪಬ್ ಪ್ಯಾನ್‌ಡಾಕ್‌ನಿಂದ. ಚಿಕ್ಕ ಕಾದಂಬರಿ, ನೇರ ಕಥೆ ಆದರೆ ಇಷ್ಟೆಲ್ಲ ಬೇಡ, ನಾಲ್ಕು ಸ್ಟೈಲಿನ ಒಂದು ವರ್ಡ್ ಅಥವಾ ರೈಟರ್ ಫೈಲ್ ಧಾರಾಳವಾಗಿ ಸಾಕು. ನನಗೆ ಇನ್ನೂ ಬಗೆಹರಿಯದ ಜಾಗ ಒಂದೇ, ಸಂಪಾದಕರಿಂದ ವಾಪಸ್ ಬರುವ ಫೈಲ್. ಅವರು ಗುರುತು ಹಾಕಿದ ಡಾಕ್ಸನ್ನು ಸ್ಕ್ರಿವನರ್‌ಗೆ ಮತ್ತೆ ತುಂಬಿದರೆ ಅದು ಹೊಸ ತುಣುಕಾಗಿ ಬರುತ್ತದೆ, ಹಳೆಯ ದೃಶ್ಯಗಳ ಜಾಗಕ್ಕೆ ತಾನಾಗಿ ಹೋಗಿ ಕೂರುವುದಿಲ್ಲ. ಎರಡು ಕಡೆ ತಿದ್ದುತ್ತಾ ಹೋದರೆ ಯಾವುದು ಹೊಸದು ಎಂಬುದೇ ಮರೆತುಹೋಗುತ್ತದೆ. ಅದಕ್ಕೇ ಡಾಕ್ಸ್ ಹೊರಗೆ ಹೋದ ದಿನದಿಂದ ಸ್ಕ್ರಿವನರ್ ಪ್ರಾಜೆಕ್ಟಿನ ಹೆಸರಿನ ಮುಂದೆ ಹಳೆಯದು ಎಂದು ಸೇರಿಸಿಬಿಡುತ್ತೇನೆ, ತಿದ್ದುವುದೆಲ್ಲ ಡಾಕ್ಸ್‌ನಲ್ಲೇ.